ಪದಚರ್ಚೆ: ಪಿಕ್ಸೆಲ್‌ಗೆ ‘ಚುಕ್ಕಿ’ಯೋ ‘ಮನೆ’ಯೋ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಹಳೆಯ ಕಂಪ್ಯೂಟರ್‌ಗಳಲ್ಲಿ ಐಕಾನ್ ಹೇಗೆ ಬರೆಯುತ್ತಿದ್ದರು ಅಂತ ಹೈಸ್ಕೂಲ್ ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ಐಕಾನ್’ ಹಾಗೇ ಇರಲಿ, ಅದು ಮಕ್ಕಳಿಗೆ ಗೊತ್ತು. ‘ಪಿಕ್ಸೆಲ್’ ಅಂದರೆ ಪರದೆ ಮೇಲಿನ ಚಿತ್ರದ ಅತಿ ಸಣ್ಣ ತುಣುಕು; ಅದಕ್ಕೆ ಕನ್ನಡದಲ್ಲಿ ಏನನ್ನೋದು ಅಂತ ಸಿಕ್ಕಿಕೊಂಡಿದ್ದೇನೆ.

1984ರ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಐಕಾನ್ ಬರೆದ ಸೂಸನ್ ಕೇರ್ ಶುರು ಮಾಡಿದ್ದು ಗ್ರಾಫ್ ಹಾಳೆಯ ಮೇಲೆ. ಅಡ್ಡ 32, ಉದ್ದ 32, ಒಟ್ಟು 1024 ಚೌಕ, ಒಂದು ಚೌಕ ಅಂದರೆ ಒಂದು ಪಿಕ್ಸೆಲ್. ಒಂದೊಂದೂ ಕಪ್ಪು ಇಲ್ಲವೇ ಬಿಳಿ. ಚೌಕಕ್ಕೊಂದು ಬಿಟ್ (1 ಇಲ್ಲವೇ 0), ಎಂಟು ಚೌಕಕ್ಕೆ ಒಂದು ಬೈಟ್, ಹಾಗಾಗಿ ಇಡೀ ಚಿತ್ರ 128 ಬೈಟ್‌ನಲ್ಲಿ ಮುಗಿಯುತ್ತದೆ.

ನಾನು ಮೊದಲು ‘ಚುಕ್ಕಿ’ ಅಂತಲೇ ಬರೆದಿದ್ದೆ. ಆದರೆ ಎಂಟು ಚೌಕದ ಒಂದು ಸಾಲು ತಗೊಳ್ಳಿ: ಎರಡು ಖಾಲಿ, ನಾಲ್ಕು ತುಂಬಿದ್ದು, ಮತ್ತೆ ಎರಡು ಖಾಲಿ. ಎಡದಿಂದ ಒಂದೊಂದು ಚೌಕಕ್ಕೆ 128, 64, 32, 16, 8, 4, 2, 1 ಅಂತ ಬೆಲೆ. ತುಂಬಿದ ನಾಲ್ಕರ ಬೆಲೆ 32, 16, 8, 4, ಕೂಡಿದರೆ 60, ಕಂಪ್ಯೂಟರ್‌ಗೆ ಆ ಸಾಲು ಅಂದ್ರೆ 60 ಅಷ್ಟೇ. ಇಲ್ಲಿ ಖಾಲಿ ಇರೋದಕ್ಕೂ ಲೆಕ್ಕದಲ್ಲಿ ಜಾಗ ಇದೆ. ಚುಕ್ಕಿ ಅಳಿಸಿದರೆ ಚುಕ್ಕಿಯೇ ಇಲ್ಲ, ಅಲ್ವಾ? ರಂಗೋಲಿಯಲ್ಲೂ ಗೆರೆ ಚುಕ್ಕಿಯನ್ನು ಕೂಡಿಸುತ್ತೆ ಇಲ್ಲಾ ಸುತ್ತಿಕೊಂಡು ಹೋಗುತ್ತೆ, ಚುಕ್ಕಿ ಚುಕ್ಕಿಯ ನಡುವೆ ಜಾಗ ಉಳಿಯುತ್ತೆ.

ಈ ಸಾಲು ಬರೆದ ಗ್ರಾಫ್ ಹಾಳೆಯನ್ನು ನಮ್ಮ ಕಾಕಿಗೆ ತೋರಿಸಿದೆ. ಅವರು ಚೌಕ ಚೌಕ ಕಾಣುವ ಮ್ಯಾಟಿ ಬಟ್ಟೆ ಮೇಲೆ ಕಸೂತಿ ಹಾಕುವವರು. ಹಾಳೆ ನೋಡಿದವರೇ, “ಇಲ್ಲಿ ಎರಡು ಮನಿ ಬಿಟ್ಟು ನಾಕು ಮನಿ ತುಂಬೂದಲ್ಲೇನು?” ಅಂದರು. ನನಗೆ ಬೇಕಿದ್ದ ಮಾತು ಅದೇ! ಚೌಕಾಬಾರದಲ್ಲೂ ನಾವು ಮನೆ ಅಂತಲೇ ಎಣಿಸ್ತೀವಿ, ಕಾಯಿ ಇದ್ದರೂ ಮನೆ, ಇಲ್ಲದಿದ್ದರೂ ಮನೆ. ಹಾಗಾದರೆ ಬಿಟ್ 1 ಇದ್ದರೆ ‘ತುಂಬಿದ ಮನೆ’, 0 ಇದ್ದರೆ ‘ಖಾಲಿ ಮನೆ’, ಬೇರೆ ವಿವರಣೆಯೇ ಬೇಡ.

ಒಂದೇ ಅಳುಕು. ಈಗಿನ ಪರದೆಯ ಲಕ್ಷಗಟ್ಟಲೆ ಪಿಕ್ಸೆಲ್‌ಗೆ ‘ಮನೆ’ ಅಂದರೆ ಹೊಂದುತ್ತಾ? ಅಲ್ಲಿ ಯಾರೂ ಒಂದೊಂದಾಗಿ ಎಣಿಸಲ್ಲ. ಅದಕ್ಕೆ ಕೈಯಿಂದ ಬರೆದ ಸಣ್ಣ ಚಿತ್ರಗಳಿಗೆ ಮಾತ್ರ ‘ಮನೆ’ ಬಳಸೋಣ ಅಂತಿದ್ದೇನೆ.

ಇಳಕಲ್, ಗುಳೇದಗುಡ್ಡದ ಕಡೆಯವರು ಯಾರಾದರೂ ಇದ್ದರೆ ಹೇಳಿ: ಸೀರೆ ದಡಿಗೋ ಖಣಕ್ಕೋ ಡಿಸೈನನ್ನು ಗ್ರಾಫ್ ಹಾಳೆ ಮೇಲೆ ಬರೆಯುವಾಗ ಆ ಚೌಕಕ್ಕೆ ನೇಕಾರರು ಏನಂತಾರೆ? ಅದನ್ನು ತುಂಬೋದಕ್ಕೆ ಬೇರೆ ಮಾತು ಇದೆಯಾ?