ಅಪ್‌ಡೇಟ್: ಅಡುಗೆಮನೆ ಬಲ್ಬಿನ ಕಥೆ ಏನಾಯ್ತು ಅಂದ್ರೆ

ಎರಡು ವಾರದ ಹಿಂದೆ ಕೇಳಿದ್ದೆ: ಹಳೇ 60 ವ್ಯಾಟ್ ಬಲ್ಬ್ ತೆಗೆದು 5 ವ್ಯಾಟ್ ಎಲ್‌ಇಡಿ ಹಾಕಿದ ಮೇಲೆ ಅಡುಗೆಮನೆ ಮಬ್ಬು, ಅಮ್ಮನಿಗೆ ಅಕ್ಕಿಯಲ್ಲಿ ಕಲ್ಲು ಕಾಣ್ತಿಲ್ಲ, ಏನ್ಮಾಡ್ಲಿ ಅಂತ.

"ವ್ಯಾಟ್ ಬಿಡಿ, ಡಬ್ಬದ ಮೇಲೆ ಲ್ಯೂಮೆನ್ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ವ್ಯಾಟ್ ಅಂದ್ರೆ ಬಲ್ಬ್ ಎಳೆಯೋ ಕರೆಂಟ್, ಲ್ಯೂಮೆನ್ ಅಂದ್ರೆ ಅದು ಕೊಡೋ ಬೆಳಕು. ಹಳೇ ಬಲ್ಬ್ ಕೊಡ್ತಿದ್ದದ್ದು ಸುಮಾರು 700 ಲ್ಯೂಮೆನ್. ನಾನು ತಂದಿದ್ದು 450! ಈಗ 900 ಲ್ಯೂಮೆನ್ನಿನ 9 ವ್ಯಾಟ್ ಬಲ್ಬ್ ಹಾಕಿದೀನಿ. ಕಲ್ಲಲ್ಲ, ಹುಳಾನೂ ಕಾಣುತ್ತೆ.

"ಬಿಳಿ ಬೆಳಕಿನದು ತಗೊಳ್ಳಿ, ಸಾಕು" ಅನ್ನೋ ಸಲಹೆ ಮಾತ್ರ ಕೈ ಕೊಡ್ತು. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಹೆಚ್ಚಾದಷ್ಟೂ ಬಿಳಿ) ಬಲ್ಬ್ ತಂದು ಮಲಗೋ ಕೋಣೆಗೂ ಹಾಕಿದೆ, ಆಸ್ಪತ್ರೆ ವಾರ್ಡ್ ಥರ ಆಯ್ತು. ಅಲ್ಲಿಗೆ 3000ದ ಹಳದಿ ಬೆಳಕೇ ಸರಿ.

ನಂಗೆ ಗೊತ್ತೇ ಇರದಿದ್ದ ಇನ್ನೊಂದು ವಿಷಯ: ಬಚ್ಚಲುಮನೆಯ ಎಲ್‌ಇಡಿ ಬಲ್ಬ್ ಪದೇ ಪದೇ ಹೋಗ್ತಿದ್ದದ್ದು ಮುಚ್ಚಿದ ಗಾಜಿನ ಗೋಳದಿಂದ. ಬಿಸಿ ಹೊರಗೆ ಹೋಗದೆ ಒಳಗಿನ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡೋ ಭಾಗ) ಸುಡುತ್ತಂತೆ. ಎಲೆಕ್ಟ್ರಿಷಿಯನ್ ಅಣ್ಣ ಬಿಚ್ಚಿ ತೋರಿಸಿದ್ರು, ಒಳಗೆಲ್ಲ ಕಪ್ಪಾಗಿತ್ತು. ಗೋಳ ತೆಗೆದಿಟ್ಟಿದೀನಿ.

ಕರೆಂಟ್ ಲೆಕ್ಕ ಕೇಳಿದವರಿಗೆ: ದಿನಕ್ಕೆ 5 ಗಂಟೆ ಉರಿಸಿದ್ರೆ ಅಡುಗೆಮನೆಯ ಹಳೇ 60 ವ್ಯಾಟಿಂದು ತಿಂಗಳಿಗೆ 9 ಯೂನಿಟ್, ಈಗಿನ 9 ವ್ಯಾಟಿಂದು ಒಂದೂವರೆಯೂ ಇಲ್ಲ.