ಗಿಟ್: ಕಾನ್‌ಫ್ಲಿಕ್ಟ್ ಮಾರ್ಕರ್ ಒಂದೂ ಇಲ್ಲ, ಬಿಲ್ಡ್ ಆಗುತ್ತೆ, ಆದರೂ 3.0ನಲ್ಲಿ ಪ್ಯಾಚ್ ತಪ್ಪು

ತಂತಿಬೇಲಿ
ತಲೆ ಕೆಟ್ಟಿದೆ. ಅಪ್‌ಸ್ಟ್ರೀಮ್ (ಬೇರೆಯವರ ಮೂಲ) ಲೈಬ್ರರಿಯ 2.4 ವರ್ಷನ್ ಮೇಲೆ ನಮ್ಮ 14 ಕಮಿಟ್‌ಗಳ (ಗಿಟ್‌ನಲ್ಲಿ ದಾಖಲಿಸಿದ ಕೋಡ್ ಬದಲಾವಣೆ, ಅಂದರೆ ಪ್ಯಾಚ್) ಸೆಟ್ ಇದೆ. 2.6ಕ್ಕೆ ತಂದಾಗ ಸರಿಯಾಗಿತ್ತು. ಈಗ ಅದೇ 2.4 ಸೆಟ್ಟನ್ನು 3.0 ಮೇಲೆ ರೀಬೇಸ್ ಮಾಡಿದೆ, ಅಂದರೆ ಒಂದೊಂದಾಗಿ ಅದರ ಮೇಲೆ ಮತ್ತೆ ಹಾಕಿಸಿದೆ. ಎಲ್ಲ ಸಲೀಸು, ಕಂಪೈಲ್ ಆಗುತ್ತೆ, ಆದರೆ ಕನೆಕ್ಷನ್ ಟೆಸ್ಟ್ ಮುಗಿಯೋದೇ ಇಲ್ಲ. 6ನೇ ಕಮಿಟ್ ನೋಡಿದರೆ ಟೈಮ್‌ಔಟ್ ಅನ್ನು 1000ದಿಂದ ಗುಣಿಸುವ ಸಾಲು ಬಂದು ಕೂತಿದೆ. 2.4 ಸೆಟ್‌ನಲ್ಲಿ ಆ ಸಾಲೇ ಇಲ್ಲ! ಗಿಟ್ ತಾನೇ ಕೋಡ್ ಬರೆಯುತ್ತಾ?

ಸಾಲು_80
ಕೊಟ್ಟ ಕಮಾಂಡ್ ಹಾಕಿ. ಚೆರ್ರಿ-ಪಿಕ್ (ಆಯ್ದ ಕಮಿಟ್‌ಗಳ ನಕಲು) ಅಂತಾದರೆ, "ಅ..ಆ" ಎಂದು ಕೊಟ್ಟಾಗ "ಅ" ಬಿಟ್ಟುಹೋಗುತ್ತೆ, "ಅ^..ಆ" ಕೊಡಬೇಕು.

ತಂತಿಬೇಲಿ
ರೀಬೇಸ್ ಅಂದೆನಲ್ಲ.
ಗಿಟ್ ರೀಬೇಸ್ --ಆಂಟು ವಿ3.0 ವಿ2.4 ಸೆಟ್-3.0
ಕಮಿಟ್ ಎಣಿಸುವ ರೆವ್-ಲಿಸ್ಟ್ --ಕೌಂಟ್ 14 ಅಂತಲೇ ತೋರಿಸುತ್ತೆ.

ಕೊನೆಸಾಲು
ಲೈನ್ ಎಂಡಿಂಗ್, ಸಾಲು ಮುಗಿಯುವ ಗುರುತಿನ ತೊಂದರೆ. ಯಾರೋ ವಿಂಡೋಸ್‌ನಲ್ಲಿ ಸೇವ್ ಮಾಡಿರ್ತಾರೆ. ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಟೆಕ್ಸ್ಟ್=ಆಟೋ ಹಾಕಿ, -ಎಕ್ಸ್ ರೀನಾರ್ಮಲೈಜ್ ಕೊಟ್ಟು ಮತ್ತೆ ಓಡಿಸಿ.

ತಂತಿಬೇಲಿ
ಓಡಿಸಿದೆ. ಅದೇ 1000.

ಕೊನೆಸಾಲು
ಎಲ್ಎಸ್-ಫೈಲ್ಸ್ --ಇಒಎಲ್ ಏನು ತೋರಿಸುತ್ತೆ? ಇಂಡೆಕ್ಸ್‌ನಲ್ಲಿ ಎಲ್ಎಫ್ (ಯುನಿಕ್ಸ್ ಗುರುತು), ಡಿಸ್ಕ್‌ನಲ್ಲಿ ಸಿಆರ್‌ಎಲ್ಎಫ್ (ವಿಂಡೋಸ್ ಗುರುತು) ಇರಬೇಕು ನೋಡಿ.

ಸಾಲು_80
ಲೈನ್ ಎಂಡಿಂಗ್ ಕೆಟ್ಟಿದ್ದರೆ ಇಡೀ ಫೈಲೇ ಕಾನ್‌ಫ್ಲಿಕ್ಟ್ ಆಗುತ್ತೆ (ಎರಡು ಬದಿಯ ಬದಲಾವಣೆ ಡಿಕ್ಕಿಯಾಗುತ್ತೆ) ಗುರು. ಒಂದು ಗುಣಾಕಾರ ಎಲ್ಲಿಂದ ಹುಟ್ಟುತ್ತೆ?

ಹೊಲಿಗೆಪೆಟ್ಟಿಗೆ
ಪ್ಯಾಚ್ ಸೆಟ್ ಸಾಕೋಕೆ ಬ್ರಾಂಚ್ ಯಾಕೆ ಬೇಕು? ಕ್ವಿಲ್ಟ್ (ಪ್ಯಾಚ್ ಫೈಲ್‌ಗಳನ್ನು ಸಾಲಾಗಿ ಹಚ್ಚುವ ಟೂಲ್) ಹಾಕಿ. ಸೀರೀಸ್ ಫೈಲ್‌ನಲ್ಲಿ 14 ಹೆಸರು, ಕ್ವಿಲ್ಟ್ ಪುಶ್ -ಎ. ಸಿಕ್ಕಿಕೊಂಡರೆ ಪುಶ್ -ಎಫ್, ಕೈಯಲ್ಲಿ ತಿದ್ದಿ ರಿಫ್ರೆಶ್. ಏನಾಯ್ತು ಅನ್ನೋದು ಕಣ್ಣ ಮುಂದೇ ಇರುತ್ತೆ.

ಸಾಲು_80
ಕಣ್ಣ ಮುಂದೆ? ಪ್ಯಾಚ್ ಪ್ರೋಗ್ರಾಮಿನ ಡೀಫಾಲ್ಟ್ ಫಜ್ 2. ಅಕ್ಕಪಕ್ಕದ ಸಾಲು ಹೊಂದದಿದ್ದರೂ ಅಂಟಿಸಿಬಿಡುತ್ತೆ. --ಫಜ್=0 ಕೊಡದೆ ಪುಶ್ ಮಾಡಿದರೆ ಇದೇ ಗೋಳು.

ಹೊಲಿಗೆಪೆಟ್ಟಿಗೆ
ಫಜ್ ಆದಾಗ ಹೇಳುತ್ತೆ. ಓದದವರದ್ದು ತಪ್ಪು.

ನಾಕುಮರ
ನಾನಂತೂ 2.4, 2.6, 2.8, 3.0 ನಾಲ್ಕಕ್ಕೂ ಬೇರೆ ಬೇರೆ ವರ್ಕ್‌ಟ್ರೀ (ಒಂದೇ ರೆಪೊದ ಕೆಲಸದ ಫೋಲ್ಡರ್), ಬೇರೆ ಬಿಲ್ಡ್ ಡೈರೆಕ್ಟರಿ ಇಟ್ಟಿರ್ತೀನಿ. ಒಂದರ ಕೊಳೆ ಇನ್ನೊಂದಕ್ಕೆ ತಾಗಲ್ಲ.

ಮೂರುಬದಿ
@ತಂತಿಬೇಲಿ, ರೀಬೇಸ್ ನಡುವೆ ಎಲ್ಲಾದರೂ ನಿಂತಿತ್ತಾ? ರೆರೆರೆ (ಹಳೇ ಕಾನ್‌ಫ್ಲಿಕ್ಟ್‌ನ ಉತ್ತರ ನೆನಪಿಟ್ಟು ಮತ್ತೆ ಹಾಕುವ ಗಿಟ್ ಸೌಲಭ್ಯ) ಆನ್ ಇದೆಯಾ?

ತಂತಿಬೇಲಿ
ಎರಡು ಸಲ ನಿಂತಿತ್ತು. ಸ್ಟೇಟಸ್ ಪೂರ್ತಿ ಹಸಿರು, ಮಾರ್ಕರ್ ಇಲ್ಲ, ಹಾಗಾಗಿ ಕಂಟಿನ್ಯೂ ಕೊಟ್ಟೆ. ರೆರೆರೆ ಆನ್, ಆಟೋಅಪ್‌ಡೇಟ್ (ಆ ಉತ್ತರವನ್ನು ತಾನೇ ಆಡ್ ಮಾಡುವ ಆಯ್ಕೆ) ಕೂಡ ಟ್ರೂ. ಅದು ಯಾವಾಗಲೂ ಇರೋದೇ, ಅದಕ್ಕೇ ಹೇಳಲಿಲ್ಲ.

ಮೂರುಬದಿ
ಇದನ್ನು ಮೊದಲೇ ಹೇಳಿದ್ದರೆ ಲೈನ್ ಎಂಡಿಂಗ್ ಪುರಾಣ ತಪ್ಪುತ್ತಿತ್ತು.

ಆ 1000 ಗಿಟ್ ಬರೆದದ್ದಲ್ಲ. 2.6ಕ್ಕೆ ತರುವಾಗ ನೀವೇ ತಿದ್ದಿದ್ದು. ರೆರೆರೆ ನೆನಪಿಟ್ಟುಕೊಳ್ಳೋದು ಕಾನ್‌ಫ್ಲಿಕ್ಟ್ ಆದ ಎರಡು ಬದಿಯ ಪಠ್ಯ, ಅದಕ್ಕೆ ನೀವು ಕೊಟ್ಟ ಉತ್ತರ, ಇಷ್ಟೇ. ಯಾವ ವರ್ಷನ್ ಅಂತ ಅದಕ್ಕೆ ಗೊತ್ತಿಲ್ಲ. ಕರೆಯುವ ಸಾಲು 2.6ರಲ್ಲೂ 3.0ನಲ್ಲೂ ಅಕ್ಷರಶಃ ಒಂದೇ ಆಗಿದ್ದರೆ ಹಳೇ ಉತ್ತರ ತಂದು ಅಂಟಿಸುತ್ತೆ. 3.0ನಲ್ಲಿ ಆ ಫಂಕ್ಷನ್ ಒಳಗೆ ನೋಡಿ, ಸೆಕೆಂಡಿನಿಂದ ಮಿಲಿಸೆಕೆಂಡಿಗೆ ಅದೇ ಈಗ ಬದಲಾಯಿಸ್ತಿರಬೇಕು. ಎರಡು ಸಲ ಗುಣಿಸಿದರೆ 30 ಸೆಕೆಂಡ್ ಹೋಗಿ 30,000 ಸೆಕೆಂಡ್, ಅಂದರೆ 8 ಗಂಟೆ 20 ನಿಮಿಷ. ಟೆಸ್ಟ್ ಹೇಗೆ ಮುಗಿದೀತು?

2.4 ಸೆಟ್‌ನಿಂದ ಹೊಸ ಬ್ರಾಂಚ್ ತೆಗೆದು, ಮೊದಲು ಆಟೋಅಪ್‌ಡೇಟ್ ಫಾಲ್ಸ್ ಮಾಡಿ. ಆಗ ಹಳೇ ಉತ್ತರ ಅಂಟಿದರೂ ಫೈಲ್ ಅನ್‌ಮರ್ಜ್ಡ್ (ಬಗೆಹರಿಯದ್ದು) ಆಗಿಯೇ ಉಳಿಯುತ್ತೆ, ಗಿಟ್ ಡಿಫ್‌ನಲ್ಲಿ ಕಾಣುತ್ತೆ. ಮತ್ತೆ ರೀಬೇಸ್ ಮಾಡಿ 6ರಲ್ಲಿ ನಿಂತಾಗ:
ಗಿಟ್ ರೆರೆರೆ ಫರ್ಗೆಟ್ ಫೈಲ್‌ಹೆಸರು
ಗಿಟ್ ಚೆಕ್ಔಟ್ --ಕಾನ್‌ಫ್ಲಿಕ್ಟ್=ಡಿಫ್3 ಫೈಲ್‌ಹೆಸರು
ಮಾರ್ಕರ್ ವಾಪಸ್ ಬರುತ್ತೆ, ನಡುವೆ ಮೂಲ ಪಠ್ಯವೂ ಇರುತ್ತೆ. ತಿದ್ದಿ, ಆಡ್, ಕಂಟಿನ್ಯೂ. ಆದರೆ ಈಗ ದಾಖಲಾಗೋದು 3.0ನ ಉತ್ತರ. ನಾಳೆ 2.6ಕ್ಕೆ ಮತ್ತೆ ಒಯ್ದರೆ ಇದೇ ಪೆಟ್ಟು ಉಲ್ಟಾ ಬೀಳುತ್ತೆ. ಆಗ ಆ ಒಂದು ಓಟಕ್ಕೆ -ಸಿ ರೆರೆರೆ.ಎನೇಬಲ್ಡ್=ಫಾಲ್ಸ್ ಕೊಡಿ.

@ನಾಕುಮರ, ವರ್ಕ್‌ಟ್ರೀ ಎಷ್ಟಿದ್ದರೂ ಹಳೇ ಉತ್ತರ ಇಡುವ ಆರ್‌ಆರ್-ಕ್ಯಾಶ್ ಎಲ್ಲಕ್ಕೂ ಒಂದೇ. ಕೊಳೆ ತಾಗುತ್ತೆ.

ನಾಕುಮರ
ಪ್ರತ್ಯೇಕ ಕ್ಲೋನ್ ಮಾಡಿದರಾಯ್ತು. ಡಿಸ್ಕ್ ಜಾಗಕ್ಕೇನು ಬರ.

ತಂತಿಬೇಲಿ
ಹೌದು, 3.0ನಲ್ಲಿ ಗುಣಿಸೋದು ಫಂಕ್ಷನ್ ಒಳಗೇ ಇದೆ, ಬೇರೆ ಫೈಲ್‌ನಲ್ಲಿ. ಎರಡನೇ ಸಲ ನಿಂತಿದ್ದು 11ರಲ್ಲಿ, ಅಲ್ಲೂ ಹಳೇ ಉತ್ತರವೇ. ಎರಡನ್ನೂ ತಿದ್ದಿದೆ, ಟೆಸ್ಟ್ ಪಾಸ್. ಉಳಿದ 12 ಸರಿ ಇವೆಯಾ ಅಂತ ಒಂದೊಂದೇ ತೆರೆದು ನೋಡಬೇಕಾ?

ಸಾಲು_80
ಬೇಡ.
ಗಿಟ್ ರೇಂಜ್-ಡಿಫ್ ವಿ2.4..ಸೆಟ್-2.4 ವಿ3.0..ಸೆಟ್-3.0
ಎರಡು ಸೆಟ್‌ನ ಕಮಿಟ್‌ಗಳನ್ನು ಜೋಡಿ ಮಾಡಿ ಹೋಲಿಸುತ್ತೆ. "=" ಇದ್ದರೆ ಹಾಗೇ ಬಂದಿದೆ. "!" (ಬದಲಾಗಿದೆ) ಇದ್ದವನ್ನು ಮಾತ್ರ ಓದಿ. ಗಿಟ್ 2.19 ಅಥವಾ ಆಮೇಲಿನದ್ದು ಬೇಕು.

ತಂತಿಬೇಲಿ
9 ಮಾತ್ರ "<" ಒಂದು, ">" ಒಂದು ಅಂತ ಎರಡು ಸಾಲಾಗಿ (ಹಳೇ ಸೆಟ್‌ನಲ್ಲಿ ಮಾತ್ರ, ಹೊಸ ಸೆಟ್‌ನಲ್ಲಿ ಮಾತ್ರ) ಬರ್ತಿದೆ. ಕಮಿಟ್ ಕಳೆದುಹೋಯ್ತಾ?

ಮೂರುಬದಿ
ಇಲ್ಲ. ಡಿಫ್ ಬಹಳ ಬದಲಾಗಿದ್ದಕ್ಕೆ ಜೋಡಿ ಅಂತ ಗುರುತು ಹಿಡಿದಿಲ್ಲ. --ಕ್ರಿಯೇಷನ್-ಫ್ಯಾಕ್ಟರ್ ಡೀಫಾಲ್ಟ್ 60, ಅದನ್ನು 90 ಮಾಡಿ ನೋಡಿ. ಆಮೇಲೆ 9ನ್ನು ಪೂರ್ತಿ ಓದಿ. ಇಷ್ಟು ಬದಲಾಗಿದೆ ಅಂದರೆ ಸುಮ್ಮನೆ ಆಗಿರಲ್ಲ.

ಕೊನೆಸಾಲು
9ರಲ್ಲಿ ಲೈನ್ ಎಂಡಿಂಗ್ ನೋಡಿದ್ರಾ?

ಹೊಲಿಗೆಪೆಟ್ಟಿಗೆ
ಕ್ವಿಲ್ಟ್ ಇದ್ದಿದ್ದರೆ ಎರಡು .ಪ್ಯಾಚ್ ಫೈಲ್ ಪಕ್ಕ ಪಕ್ಕ ಇಟ್ಟು ನೋಡಿದರೆ ಮುಗೀತಿತ್ತು.

ತಂತಿಬೇಲಿ
90 ಕೊಟ್ಟೆ, ಜೋಡಿ ಆಯ್ತು, "!" ಬಂತು. ಓದ್ತಾ ಇದೀನಿ. ಕೊನೆಸಾಲು ಅವರೇ, ಎಲ್ಲ ಎಲ್ಎಫ್.