ಇಗರ್ಜಿಯೊಳಗಿನ ಬ್ರೂವರಿಗೆ ಅಪ್ಪನನ್ನು ಕರೆದೊಯ್ಯಬಹುದೇ?

ಪ್ರಶ್ನೆ: ಧಾರವಾಡದಿಂದ ಅಪ್ಪ ಆಮ್‌ಸ್ಟರ್ಡ್ಯಾಮ್‌ಗೆ ಬಂದಿದ್ದಾರೆ. ಹಳೆಯ ಕಟ್ಟಡಗಳೆಂದರೆ ಪ್ರಾಣ, ಬಿಯರ್ ಮುಟ್ಟುವುದಿಲ್ಲ. ಹಾರ್ಲೆಮ್‌ನ ಯೋಪನ್‌ಕೆರ್ಕ್‌ಗೆ ಕರೆದೊಯ್ದರೆ ಮುನಿಸಿಕೊಳ್ಳುತ್ತಾರೆಯೇ?

ಉತ್ತರ: ಧೈರ್ಯವಾಗಿ ಹೋಗಿ. ರೈಲಿನಲ್ಲಿ ಕಾಲು ಗಂಟೆಯ ದಾರಿ. ಹಿಂದೆ ಅದು ಯಾಕೋಬರ ಇಗರ್ಜಿ, 2010ರಲ್ಲಿ ಬ್ರೂವರಿಯಾಯಿತು. ಬಣ್ಣದ ಗಾಜಿನ ಕಿಟಕಿ, ಎತ್ತರದ ಚಾವಣಿ, ಅದರಡಿ ಬಿಯರ್ ಕುದಿಸುವ ಹಂಡೆಗಳು. ಕಾಫಿಯೂ ಸಿಗುತ್ತದೆ, ನಮ್ಮ ಫಿಲ್ಟರ್ ಕಾಫಿಯಲ್ಲ, ಅಷ್ಟೇ.

ಉತ್ತರ: ನೀವು ಮಾತ್ರ ಅಲ್ಲಿನ ‘ಕೊಯ್ಟ್’ ಬಿಯರ್ ಬಿಡಬೇಡಿ. 1407ರ ಪಾಕವಿಧಾನ ಆಧರಿಸಿದ್ದು. ಗಿಡಮೂಲಿಕೆಗಳ ಘಮ ಅಜ್ಜಿಯ ಕಷಾಯದಂತಿದೆ. ಮದ್ಯಾಂಶ ಶೇ 8.5, ಒಂದೇ ಲೋಟ ಸಾಕು.

ಪ್ರಶ್ನೆ ಕೇಳಿದವರು: 1407 ಎಂದೊಡನೆ ಅಪ್ಪ, “ಒಂದನೇ ದೇವರಾಯನ ಕಾಲ!” ಎಂದು ಪತ್ರಿಕೆ ಮಡಚಿಟ್ಟರು. ಶನಿವಾರ ಹೊರಡುತ್ತೇವೆ.